ಕ್ಯಾಕ್ಟಸ್: ಜೀವನಕ್ರಮ ಮತ್ತು ವಿಕಾಸ

ಕ್ಯಾಕ್ಟೇಸೀ ಕುಟುಂಬದ ಹೂಬಿಡುವ ಸಸ್ಯಗಳಿಗೆ ಕ್ಯಾಕ್ಟಸ್ ಎಂಬುದು ಸಾಮಾನ್ಯ ಹೆಸರು. ಈ ಕುಟುಂಬದಲ್ಲಿ ಸುಮಾರು 1,800 ಪ್ರಭೇದಗಳಿವೆ. ಒಂದನ್ನು ಬಿಟ್ಟರೆ ಎಲ್ಲವೂ ಅಮೆರಿಕ ಖಂಡಗಳಿಗಷ್ಟೇ ಸೇರಿದವು. ರಿಪ್ಸಾಲಿಸ್ ಬ್ಯಾಕ್ಸಿಫೆರಾ ಎಂಬ ಆ ಒಂದು ಮಾತ್ರ ಆಫ್ರಿಕ, ಮಡಗಾಸ್ಕರ್ ಮತ್ತು ಶ್ರೀಲಂಕಾಗಳಲ್ಲೂ ತಾನಾಗಿ ಬೆಳೆಯುತ್ತದೆ. ಮರಳುಗಾಡಿನ ಗಿಡವೆಂದು ಹೆಸರಾಗಿದ್ದರೂ ಹೆಚ್ಚಿನ ಕ್ಯಾಕ್ಟಸ್‌ಗಳ ನೆಲೆ ವರ್ಷಕ್ಕೊಂದೆರಡು ಬಾರಿಯಾದರೂ ಮಳೆ ಕಾಣುವ ಒಣನಾಡು. ಕೆನಡಾದ ಹಿಮ ಬೀಳುವ ಹುಲ್ಲುಗಾವಲಿನಲ್ಲಿ, ಆಂಡೀಸ್ ಪರ್ವತದಲ್ಲಿ 4,000 ಮೀಟರಿಗೂ ಮೇಲೆ, ಮಳೆಕಾಡಿನ ಮರದ ಕೊಂಬೆಗಳ ಮೇಲೆ ಕೂಡ ಇವು ಬದುಕುತ್ತವೆ.

ಕರ್ನಾಟಕದ ಮನೆಯಂಗಳಗಳಲ್ಲಿ ಬ್ರಹ್ಮಕಮಲ ಎಂದು ಕರೆಸಿಕೊಳ್ಳುವ ಎಪಿಫಿಲಮ್ ಆಕ್ಸಿಪೆಟಾಲಮ್ ಅಂಥದ್ದೇ ಮಳೆಕಾಡಿನ ಕ್ಯಾಕ್ಟಸ್. (ಹಿಮಾಲಯದ ಬ್ರಹ್ಮಕಮಲ ಬೇರೆಯೇ ಕುಟುಂಬದ್ದು.) ಎಲ್ಲರೂ ಎಲೆ ಎಂದುಕೊಳ್ಳುವ ಅದರ ಹಸಿರು ಪಟ್ಟಿ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅಂಚಿನ ಕಚ್ಚುಗಳಲ್ಲಿ ಕಣ್ಣಿಟ್ಟು ನೋಡಿದರೆ ಒಂದೊಂದು ಚುಕ್ಕೆ ಕಾಣುತ್ತದೆ. ಮೊಗ್ಗು ಹೊರಡುವುದು ಅಲ್ಲಿಂದಲೇ. ಏರಿಯೋಲ್ ಎನ್ನುವ ಈ ಚುಕ್ಕೆ ಇಡೀ ಕುಟುಂಬದ ಗುರುತು. ಇದು ಬೆಳವಣಿಗೆ ಕುಗ್ಗಿ ನಿಂತ ಒಂದು ಪುಟ್ಟ ಕೊಂಬೆ. ಮುಳ್ಳು, ನವಿರು, ಹೂವು, ಹೊಸ ಕವಲು ಎಲ್ಲಕ್ಕೂ ಇದೇ ಮೂಲ. ಮುಳ್ಳುಗಳು ಎಲೆಗಳ ಮಾರ್ಪಾಡು. ಪ್ರಾಣಿಗಳನ್ನು ದೂರವಿಡುವುದರ ಜೊತೆಗೆ ಅವು ಕಾಂಡಕ್ಕೆ ನೆರಳು ಕೊಡುತ್ತವೆ. ಕೆಲವು ಪ್ರಭೇದಗಳಲ್ಲಿ ಮಂಜಿನ ಹನಿಗಳನ್ನೂ ಹಿಡಿಯುತ್ತವೆ.

ಎಲೆಯ ಕೆಲಸವನ್ನು ಕಾಂಡ ವಹಿಸಿಕೊಂಡದ್ದೇ ಕ್ಯಾಕ್ಟಸ್ ವಿಕಾಸದ ಮುಖ್ಯ ಘಟ್ಟ. ಈ ಗಿಡಗಳ ಪಳೆಯುಳಿಕೆಗಳು ಇಲ್ಲವೆನ್ನುವಷ್ಟು ವಿರಳ. ಹಾಗಾಗಿ ಅವುಗಳ ಚರಿತ್ರೆಯನ್ನು ಡಿಎನ್‌ಎ ಹೋಲಿಕೆಯಿಂದಲೂ ಪೆರೆಸ್ಕಿಯಾದಂಥ ಹಳೆಯ ಕವಲುಗಳಿಂದಲೂ ತಿಳಿಯಬೇಕಾಗಿದೆ. ಪೆರೆಸ್ಕಿಯಾಕ್ಕೆ ಅಗಲವಾದ ಎಲೆ, ಗಟ್ಟಿ ಕಾಂಡ. ನೋಡಿದವರಿಗೆ ಸಾಮಾನ್ಯ ಪೊದೆಯಂತೆಯೇ ಕಾಣುತ್ತದೆ. ಸಸ್ಯವಿಜ್ಞಾನಿಗಳಾದ ಎರಿಕಾ ಎಡ್ವರ್ಡ್ಸ್ ಮತ್ತು ಮೈಕೆಲ್ ಡೊನಾಹ್ಯೂ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಒಂದು ಮಹತ್ವದ ಅಂಶವನ್ನು ಬೆಳಕಿಗೆ ತಂದಿತು: ಎಲೆಯಿರುವ ಈ ಗಿಡಗಳೂ ನೀರನ್ನು ಹಿತಮಿತವಾಗಿಯೇ ಬಳಸುತ್ತವೆ. ಎಂದರೆ ಬರ ತಾಳುವ ಗುಣ ಮೊದಲು ಬಂದಿತು, ದಪ್ಪ ಕಾಂಡದ ರೂಪ ಆಮೇಲೆ. ಕಾಂಡದ ಮೇಲೆ ತೊಗಟೆ ಬೇಗ ಮೂಡದೆ ಹಸಿರು ಉಳಿದುಕೊಂಡದ್ದು, ಉಸಿರಾಟದ ರಂಧ್ರಗಳು ಅಲ್ಲಿಗೂ ಹಬ್ಬಿದ್ದು ಮುಂದಿನ ಹೆಜ್ಜೆಗಳು. ಈ ಕುಟುಂಬ ಸುಮಾರು 3.5 ಕೋಟಿ ವರ್ಷಗಳ ಹಿಂದೆ ಕವಲೊಡೆಯಿತು. ಆದರೆ ಇಂದು ಕಾಣುವ ಪ್ರಭೇದಗಳಲ್ಲಿ ಬಹುಪಾಲು ಕಳೆದ ಒಂದು ಕೋಟಿ ವರ್ಷಗಳಲ್ಲಿ, ಭೂಮಿಯ ಒಣಪ್ರದೇಶಗಳು ವಿಸ್ತರಿಸಿದ ಕಾಲದಲ್ಲಿ, ಹುಟ್ಟಿದವು ಎಂದು ಲೆಕ್ಕಹಾಕಲಾಗಿದೆ.

ಹೆಚ್ಚಿನ ಗಿಡಗಳು ಹಗಲಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಪಡೆಯುತ್ತವೆ, ಅದೇ ದಾರಿಯಲ್ಲಿ ನೀರನ್ನೂ ಕಳೆದುಕೊಳ್ಳುತ್ತವೆ. ಕ್ಯಾಕ್ಟಸ್ ರಂಧ್ರ ತೆರೆಯುವುದು ತಂಪಾದ ರಾತ್ರಿಯಲ್ಲಿ. ಆಗ ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿಸಿ ಕೂಡಿಡುತ್ತದೆ. ಹಗಲಿನಲ್ಲಿ ರಂಧ್ರ ಮುಚ್ಚಿಕೊಂಡು, ಆಮ್ಲ ಒಡೆದು, ಬಿಸಿಲಿನ ಬಲದಿಂದ ಸಕ್ಕರೆ ತಯಾರಿಸುತ್ತದೆ. ಅನಾನಸು, ಕತ್ತಾಳೆ, ಲೋಳೆಸರಗಳದ್ದೂ ಇದೇ ಕ್ರಮ. ಇದರ ಸುಳಿವನ್ನು ಮೊದಲೇ ಕೊಟ್ಟವರಲ್ಲಿ ಒಬ್ಬ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಸಸ್ಯತಜ್ಞ ಬೆಂಜಮಿನ್ ಹೈನ್. ಕಾಡುಬಸಳೆಯ ಎಲೆ ಮುಂಜಾನೆ ಹುಳಿ, ನಡುಹಗಲಿಗೆ ಸಪ್ಪೆ ಎಂದು ಅವನು 1813ರಲ್ಲಿ ಪತ್ರ ಬರೆದಿದ್ದ. ಯಾವ ಉಪಕರಣವೂ ಇಲ್ಲದೆ ನಾಲಗೆಯೊಂದರಿಂದಲೇ ಕಂಡುಕೊಂಡ ಈ ಸಂಗತಿ ಸಸ್ಯವಿಜ್ಞಾನದ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಗೌರವಕ್ಕೆ ಅರ್ಹ.

ನೀರು ಉಳಿಸುವ ಈ ಕ್ರಮದ ಬೆಲೆ ನಿಧಾನಗತಿ. ಅಮೆರಿಕದ ಅರಿಝೋನಾ ಮತ್ತು ಮೆಕ್ಸಿಕೊದ ಸೊನೋರಾಗಳಲ್ಲಿ ಹರಡಿರುವ ಸೊನೋರಾ ಮರುಭೂಮಿಯ ಸಗ್ವಾರೊ ಇದಕ್ಕೆ ಒಳ್ಳೆಯ ನಿದರ್ಶನ. 12 ಮೀಟರಿಗೂ ಎತ್ತರ ಬೆಳೆದು 150 ವರ್ಷ ಮೀರಿ ಬಾಳುವ ಈ ಗಿಡ ಮೊದಲ ಹತ್ತು ವರ್ಷಗಳಲ್ಲಿ ಬೆರಳುದ್ದವೂ ಆಗುವುದಿಲ್ಲ. ಹೂ ಬಿಡಲು ಸುಮಾರು 35 ವರ್ಷ ಬೇಕು. ಮೊದಲ ತೋಳು ಮೂಡಲು 50ರಿಂದ 75 ವರ್ಷ, ಒಣ ಜಾಗಗಳಲ್ಲಿ ಇನ್ನೂ ಹೆಚ್ಚು. ಹೆಚ್ಚಿನ ಬೇರುಗಳು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ, ಗಿಡದ ಎತ್ತರದಷ್ಟು ದೂರ ಹರಡಿರುತ್ತವೆ. ಮಳೆ ಬಿದ್ದೊಡನೆ ಅವು ನೀರು ಹೀರಿಕೊಳ್ಳುತ್ತವೆ. ಕಾಂಡದ ಏಣುಗಳು ಹಾರ್ಮೋನಿಯಮ್ಮಿನ ತಿದಿಯಂತೆ ಬಿಚ್ಚಿಕೊಂಡು ನೂರಾರು ಲೀಟರ್ ನೀರಿಗೆ ಎಡೆ ಮಾಡಿಕೊಡುತ್ತವೆ.

ಸಗ್ವಾರೊ ಒಂಟಿಯಾಗಿ ನಿಂತಂತೆ ಕಂಡರೂ ಅದರ ಬಾಳು ಪೂರ್ತಿ ಪರಾಶ್ರಯದ್ದು. ಬಯಲಿನಲ್ಲಿ ಮೊಳೆತ ಸಸಿ ಬಿಸಿಲಿಗೋ ಚಳಿಗೋ ಇಲಿ, ಹಕ್ಕಿಗಳ ಬಾಯಿಗೋ ಬಲಿಯಾಗುತ್ತದೆ. ಉಳಿಯುವುದು ಹೆಚ್ಚಾಗಿ ಪಾಲೋ ವರ್ಡೆ, ಮೆಸ್ಕೀಟ್ ಮರಗಳ ಅಡಿಯಲ್ಲಿ ಬಿದ್ದ ಬೀಜದ ಸಸಿಯೇ. ದಶಕಗಳು ಕಳೆದು ಅದು ಬಲಿತಾಗ ನೀರಿನ ಪೈಪೋಟಿಯಲ್ಲಿ ಸೋತು, ನೆರಳು ಕೊಟ್ಟ ಪಾಲೋ ವರ್ಡೆ ಸಾಯುವುದೂ ಉಂಟು. ಸಗ್ವಾರೊದ ಬಿಳಿ ಹೂ ರಾತ್ರಿ ಅರಳಿ ಮಾರನೆಯ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಕತ್ತಲಲ್ಲಿ ಮೆಕ್ಸಿಕೊದಿಂದ ವಲಸೆ ಬಂದ ಉದ್ದಮೂತಿಯ ಬಾವಲಿಗಳು, ಬೆಳಗಾದ ಮೇಲೆ ಬಿಳಿರೆಕ್ಕೆಯ ಕಾಡುಪಾರಿವಾಳಗಳು ಮತ್ತು ಜೇನುಹುಳುಗಳು ಪರಾಗ ಸಾಗಿಸುತ್ತವೆ. ಹಿಲಾ ಮರಕುಟಿಗ ಕಾಂಡ ಕೊರೆದರೆ ಗಿಡ ಆ ಗಾಯದ ಸುತ್ತ ಗಟ್ಟಿ ಪದರ ಕಟ್ಟಿ ನೀರು ಸೋರದಂತೆ ತಡೆಯುತ್ತದೆ. ಹಕ್ಕಿ ಬಿಟ್ಟುಹೋದ ಪೊಟರೆಯಲ್ಲಿ ಪುಟ್ಟ ಗೂಬೆಗಳು ಸಂಸಾರ ಹೂಡುತ್ತವೆ. ಗಿಡ ಸತ್ತು ಕೊಳೆತ ಮೇಲೂ ಆ ಗಟ್ಟಿ ಗೂಡು ಬೂಟಿನ ಆಕಾರದಲ್ಲಿ ನೆಲದ ಮೇಲೆ ಉಳಿದಿರುತ್ತದೆ. ಆ ನಾಡಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನ ಸಗ್ವಾರೊದ್ದೇ ಒಣಗಿದ ಕಡ್ಡಿಗಳನ್ನು ಜೋಡಿಸಿದ ದೋಟಿಯಿಂದ ಬೇಸಿಗೆಯಲ್ಲಿ ಹಣ್ಣು ಕೀಳುತ್ತಾರೆ. ಅವರ ಹೊಸವರ್ಷ ಆರಂಭವಾಗುವುದು ಈ ಸುಗ್ಗಿಯಿಂದ.

ಆಫ್ರಿಕ ಮತ್ತು ಏಷ್ಯದ ಒಣನೆಲಗಳಲ್ಲಿ ಯೂಫೋರ್ಬಿಯಾ ಗಿಡಗಳು ಇದೇ ರೂಪವನ್ನು ಬೇರೆ ದಾರಿಯಿಂದ ತಲುಪಿವೆ. ನಮ್ಮ ಕಲ್ಲುಗುಡ್ಡಗಳ ಮುಳ್ಳುಕಳ್ಳಿಗಳು ಇವುಗಳ ಪೈಕಿ. ಮುರಿದರೆ ಹಾಲು ಸುರಿಯುತ್ತದೆ, ಮುಳ್ಳುಗಳು ಜೋಡಿಯಾಗಿರುತ್ತವೆ, ಏರಿಯೋಲ್ ಇರುವುದಿಲ್ಲ. ಮರುಭೂಮಿಯಲ್ಲಿ ಬಾಳುವ ದಾರಿಗಳು ಇನ್ನೂ ಇವೆ. ಮೆಸ್ಕೀಟ್ ಆಳದ ನೀರಿಗೆ ಬೇರಿಳಿಸುತ್ತದೆ. ಎಷ್ಟೋ ಗಿಡಗಳು ಬರಗಾಲವನ್ನು ಬೀಜವಾಗಿಯೇ ಕಳೆದು, ಮಳೆ ಬಂದ ಕೆಲವೇ ವಾರಗಳಲ್ಲಿ ಹೂ ಕಾಯಿ ಮುಗಿಸುತ್ತವೆ. ನಮೀಬ್ ಮರುಭೂಮಿಯ ವೆಲ್‌ವಿಚಿಯಾ ಎರಡೇ ಎಲೆಗಳಲ್ಲಿ ಸಾವಿರ ವರ್ಷ ಬಾಳಬಲ್ಲದು.

ಮನುಷ್ಯ ಸಾಗಿಸಿದ ಕಡೆಗಳಲ್ಲಿ, ಕ್ಯಾಕ್ಟಸ್ ಕುಟುಂಬದ್ದೇ ಆದ ಪಾಪಾಸುಕಳ್ಳಿಯ ಕಥೆಯೇ ಬೇರೆ. ಸ್ವಾಭಾವಿಕ ಶತ್ರುಗಳಿಲ್ಲದ ಆಸ್ಟ್ರೇಲಿಯಾದಲ್ಲಿ 1920ರ ದಶಕದ ಹೊತ್ತಿಗೆ ಅದು ಎರಡು ಕೋಟಿ ಹೆಕ್ಟೇರಿಗೂ ಹೆಚ್ಚು ನೆಲವನ್ನು ಆಕ್ರಮಿಸಿತ್ತು; ಅರ್ಜೆಂಟೀನಾದಿಂದ ತಂದ ಕ್ಯಾಕ್ಟೊಬ್ಲಾಸ್ಟಿಸ್ ಪತಂಗದ ಮರಿಹುಳುಗಳು ಅದನ್ನು ಅಡಗಿಸಿದವು. ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟದಿಂದ ತೆಗೆಯುವ ಕೆಂಪು ಬಣ್ಣದ ಆಸೆಯಿಂದ ಭಾರತಕ್ಕೆ 1795ರಲ್ಲಿ ತರಿಸಿದ್ದು ಬೇಕಾದ ಪ್ರಭೇದದ ಕೀಟವೇ ಆಗಿರಲಿಲ್ಲ. ಬಣ್ಣ ಸಿಗಲಿಲ್ಲ, ಒಂದು ಬಗೆಯ ಪಾಪಾಸುಕಳ್ಳಿ ಮಾತ್ರ ನಾಶವಾಯಿತು.

ತವರಿನಲ್ಲಿ ಪರಿಸ್ಥಿತಿ ಕಳವಳಕಾರಿ. 2015ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಕ್ಯಾಕ್ಟಸ್ ಪ್ರಭೇದಗಳಲ್ಲಿ ಶೇ. 31ರಷ್ಟು ಅಳಿವಿನ ಅಪಾಯದಲ್ಲಿವೆ. ಅಲಂಕಾರಕ್ಕೆಂದು ಕಾಡಿನಿಂದ ಕದ್ದು ಕೀಳುವುದು, ಬೇಸಾಯ ಮತ್ತು ಜಾನುವಾರು ಸಾಕಣೆಗೆ ನೆಲ ಹೋಗುವುದು ಮುಖ್ಯ ಕಾರಣಗಳು. ಸೊನೋರಾದಲ್ಲಿ ಇದಕ್ಕೆ ಬೆಂಕಿಯೂ ಸೇರಿದೆ. ಭಾರತದಲ್ಲಿ ಅಂಜನ್ ಹುಲ್ಲೆಂದು ಮೇವಿಗೆ ಬೆಳೆಸುವ ಸೆಂಕ್ರಸ್ ಸಿಲಿಯಾರಿಸ್ ಹುಲ್ಲನ್ನು ಅಲ್ಲಿಯೂ ಮೇವಿಗಾಗಿ ತಂದು ಬಿತ್ತಿದ್ದರು. ಗಿಡಗಳ ನಡುವೆ ಬರಿನೆಲವಿದ್ದಲ್ಲಿ ಬೆಂಕಿ ಹಬ್ಬಲು ಆಸ್ಪದವಿರಲಿಲ್ಲ. ಈಗ ಒಣಗಿದ ಹುಲ್ಲು ಅದನ್ನು ಒಂದು ಸಗ್ವಾರೊದಿಂದ ಮತ್ತೊಂದಕ್ಕೆ ಒಯ್ಯುತ್ತದೆ. ಹುಲ್ಲು ಮುಂದಿನ ಮಳೆಗೆ ಚಿಗುರುತ್ತದೆ; ಸುಟ್ಟ ಸಗ್ವಾರೊದ ಜಾಗದಲ್ಲಿ ಹೊಸ ಸಸಿ ಹೂ ಬಿಡಬೇಕಾದರೆ ಮೊದಲು ಅದಕ್ಕೆ ನೆರಳಾಗುವ ಮರ ಬೆಳೆಯಬೇಕು.