ಸಹಿಗೆ ಮೊದಲು ಪಾಲಿನ ಲೆಕ್ಕ

ತವರಿನ ಆಸ್ತಿಯ ದಾವೆಯನ್ನು ಕೋರ್ಟು ಮಧ್ಯಸ್ಥಿಕೆಗೆ ಕಳಿಸಿದೆ, ಒಪ್ಪಿಕೊಳ್ಳಲೇ ಎಂದು ಗೆಳತಿಯರು ಕೇಳುವುದುಂಟು. ಒಪ್ಪಿ ಅಥವಾ ಬೇಡ ಎನ್ನುವ ಬದಲು ನಾನು ಅವರಿಗೆ ಒಂದಿಷ್ಟು ಇಸವಿಗಳನ್ನು ಹೇಳುತ್ತೇನೆ.

ರಾಜಿ ಪಂಚಾಯ್ತಿ ನಮಗೆ ಹೊಸದಲ್ಲ. ಆದರೆ ಊರಕಟ್ಟೆಯಲ್ಲಿ ಹೆಣ್ಣುಮಕ್ಕಳ ಮಾತು ನಡೆದದ್ದು ಕಡಿಮೆ. ಅವರ ಪಾಲು ಹೆಚ್ಚಾಗಿ ಅರಿಶಿನ-ಕುಂಕುಮಕ್ಕೇ ಮುಗಿಯುತ್ತಿತ್ತು. 1982ರಲ್ಲಿ ಗುಜರಾತಿನ ಊನಾದಲ್ಲಿ ಲೋಕ ಅದಾಲತ್ ನಡೆಯಿತು. 1987ರ ಕಾಯ್ದೆ ಅದಕ್ಕೆ ಬಲ ತುಂಬಿತು: ಅಲ್ಲಾದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕೋರ್ಟೇ ಮೊಕದ್ದಮೆಯನ್ನು ಮಧ್ಯಸ್ಥಿಕೆಗೆ ಕಳಿಸುವ 89ನೇ ಕಲಂ ಜಾರಿಗೆ ಬಂದದ್ದು 2002ರ ಜುಲೈ 1ರಂದು.

ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ತೀರ್ಮಾನ ಸಹಿ ಹಾಕುವವಳದೇ. ಹಾಗಾಗಿ ತನ್ನ ಪಾಲೆಷ್ಟು ಎಂದು ಅವಳಿಗೆ ತಿಳಿದಿರಬೇಕು. ಕಷ್ಟವೆಂದರೆ ಆ ಲೆಕ್ಕವೇ ಬದಲಾಗುತ್ತ ಬಂದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ, ಕರ್ನಾಟಕ ಮತ್ತು ಮಹಾರಾಷ್ಟ್ರ 1994ರಲ್ಲಿ ತಿದ್ದುಪಡಿ ತಂದವು. ಆದರೆ ಅದಕ್ಕೂ ಮೊದಲೇ ಮದುವೆಯಾದವರು ಹೊರಗುಳಿದರು. 1990ರಲ್ಲಿ ಮದುವೆಯಾಗಿ ಹುಬ್ಬಳ್ಳಿಯಿಂದ ಮುಂಬೈಗೆ ಬಂದವಳಿಗೆ ಕರ್ನಾಟಕದ ತಿದ್ದುಪಡಿಯಿಂದ ಏನೂ ಸಿಗಲಿಲ್ಲ, ಅವಳ ಕುಮಾರಿ ತಂಗಿಗೆ ಸಿಕ್ಕಿತು! 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ಅಳಿಸಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದು 2020ರ ಆಗಸ್ಟಿನಲ್ಲಿ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ವಿಭಾಗವನ್ನು ಈ ಕಾನೂನು ಮುಟ್ಟುವುದಿಲ್ಲ. ಅಣ್ಣನ ಮುಖ ನೋಡಿ ಅಂದು ಹಾಕಿದ ಎಷ್ಟೋ ಸಹಿಗಳು ಹಾಗೆಯೇ ನಿಂತಿವೆ.

ತವರಿನ ಬಾಗಿಲು ತೆರೆದಿರಲಿ ಎಂದು ಪಾಲು ಬಿಟ್ಟುಕೊಡುವುದು ತಪ್ಪೆಂದು ನಾನು ಹೇಳಲಾರೆ. ಏನು ಬಿಡುತ್ತಿದ್ದೇನೆಂದು ತಿಳಿಯದೆ ಬಿಡುವುದಕ್ಕೆ ಮಾತ್ರ ನನ್ನ ತಕರಾರು. ಪಹಣಿ ತರಿಸಿ ನೋಡಿ. ಆಸ್ತಿ ಪಿತ್ರಾರ್ಜಿತವೋ, ಅಪ್ಪನ ಸ್ವಂತ ಸಂಪಾದನೆಯೋ, ಉಯಿಲಿದೆಯೋ ಕೇಳಿ. ಸ್ವಂತ ಸಂಪಾದನೆಯಾದರೆ ಲೆಕ್ಕವೇ ಬೇರೆ. ಅಣ್ಣತಮ್ಮಂದಿರ ಎದುರು ಬಾಯಿ ಬರದಿದ್ದರೆ ಮಧ್ಯಸ್ಥರೊಡನೆ ಪ್ರತ್ಯೇಕವಾಗಿ ಮಾತಾಡಬಹುದು. ಅಂದೇ ಸಹಿ ಹಾಕಬೇಕೆಂದಿಲ್ಲ, ಒಪ್ಪದಿದ್ದರೆ ದಾವೆ ಕೋರ್ಟಿಗೆ ಮರಳುತ್ತದೆ. ವಕೀಲರ ಖರ್ಚಿಗೆ ಹೆದರಬೇಡಿ: ಆ 1987ರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರಾಯಿತು.