ಫರಿಯಾದು ಕೊಡುವುದು ಯಾರಿಗೆ?

ಮನ್ನಾಏಖೇಳ್ಳಿಯನ್ನು ಹಾದು ಹೋಗುವ ಹೈದರಾಬಾದ್-ಸೊಲ್ಲಾಪುರ ರಸ್ತೆಗೆ ಫೌಜಿನ ಪರಿಚಯ ಚೆನ್ನಾಗಿಯೇ ಇದೆ. 1948ರ ಸೆಪ್ಟೆಂಬರ್‌ನಲ್ಲಿ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ದಂಡು ನಳದುರ್ಗದಿಂದ ಹೈದರಾಬಾದಿನತ್ತ ಸಾಗಿದ್ದು ಇದೇ ದಾರಿಯಲ್ಲಿ. ಆ ದಿನಗಳ ಬಗ್ಗೆ ನಮ್ಮ ಭಾಗದಲ್ಲಿ ಸಾಕಷ್ಟು ಮಾತು ನಡೆದಿದೆ, ನಡೆಯಬೇಕಾದದ್ದು ಇನ್ನೂ ಇದೆ. ಆದರೆ ಇಲ್ಲಿ ನಾವು ಹೇಳಹೊರಟಿರುವುದು ಗಡಿಯ ಮೇಲಿನ ಯುದ್ಧದ ಸಂಗತಿಯಲ್ಲ, ದಂಡಿನ ಒಳಗಿನ ಸಂಗತಿ. ಮೇಲಿನವನು ಅನ್ಯಾಯ ಮಾಡಿದಾಗ ಕೆಳಗಿನ ಸಿಪಾಯಿ ಏನು ಮಾಡಬೇಕು? ಯಾರ ಮುಂದೆ ಹೋಗಿ ನಿಲ್ಲಬೇಕು?

ಹುಮನಾಬಾದ್, ಬಸವಕಲ್ಯಾಣದ ಕಡೆಯ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿದ ಹುಡುಗರು ರಜೆಗೆ ಬಂದಾಗ ಹಿಮ, ಬಂಕರು, ಕ್ಯಾಂಟೀನಿನ ಸಾಮಾನು ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ. ಸಾಹೇಬನ ಬಗ್ಗೆ ಕೇಳಿದರೆ ಮಾತ್ರ ನಗುತ್ತಾರೆ, ಇಲ್ಲವೆ ಮಾತು ತಿರುಗಿಸುತ್ತಾರೆ. ಆ ಮೌನಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ.

1806ರ ವೆಲ್ಲೂರು ದಂಗೆಯನ್ನು ನಾವು ಟಿಪ್ಪುವಿನ ಮಕ್ಕಳ ಹೆಸರಿನೊಂದಿಗೆ ನೆನೆಯುತ್ತೇವೆ. ಅದು ಶುರುವಾದದ್ದು ಒಂದು ಪಗಡಿಯಿಂದ. ಮದ್ರಾಸ್ ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್‌ನ ಕಾಲದಲ್ಲಿ ಸಿಪಾಯಿಗಳಿಗೆ ಹೊಸ ಮಾದರಿಯ ಪಗಡಿ ಬಂತು. ಅದರಲ್ಲಿ ಚರ್ಮದ ತುಂಡು ಇತ್ತು, ನೋಡಲು ಫಿರಂಗಿಯವರ ಟೋಪಿಯಂತಿತ್ತು. ಕವಾಯತಿಗೆ ಬರುವಾಗ ಹಣೆಯ ಮೇಲೆ ನಾಮ ವಿಭೂತಿ ಇರಬಾರದು, ಕಿವಿಯಲ್ಲಿ ಒಂಟಿ ಇರಬಾರದು, ಗಡ್ಡ ಬೋಳಿಸಿರಬೇಕು, ಮೀಸೆ ಎಲ್ಲರದೂ ಒಂದೇ ಅಳತೆಯದಾಗಿರಬೇಕು ಎಂಬ ನಿಯಮವೂ ಸೇರಿಕೊಂಡಿತು. ಹಿಂದೂ ಸಿಪಾಯಿಯ ಹಣೆ, ಮುಸಲ್ಮಾನ ಸಿಪಾಯಿಯ ಗಲ್ಲ ಎರಡಕ್ಕೂ ಒಂದೇ ಕಾಗದದಲ್ಲಿ ಹುಕುಂ ಬಂದಿತ್ತು. ಹೀಗಾಗಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸಿಪಾಯಿಗಳು ಮೊದಲು ಎತ್ತಿದ್ದು ಬಂದೂಕನ್ನಲ್ಲ. ಆ ವರ್ಷದ ಮೇ ತಿಂಗಳಲ್ಲಿ ವೆಲ್ಲೂರಿನ ಒಂದು ಪಲ್ಟನ್ನಿನವರು ಈ ಪಗಡಿ ಬೇಡವೆಂದು ಬಾಯಿಬಿಟ್ಟು ಹೇಳಿದರು. ಅದಕ್ಕೆ ಉತ್ತರವಾಗಿ ಬಂದದ್ದು ಬಂಧನ, ಮದ್ರಾಸಿನಲ್ಲಿ ಕೋರ್ಟ್ ಮಾರ್ಷಲ್. ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಇಬ್ಬರಿಗೆ ತಲಾ 900 ಛಾಟಿ ಏಟು ಮತ್ತು ವಜಾ. ಉಳಿದವರಿಗೆ 500 ಏಟಿನ ಶಿಕ್ಷೆ ವಿಧಿಸಿ, ಕ್ಷಮೆ ಕೇಳಿದ ಮೇಲೆ ಬಿಟ್ಟರು. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಸಾಹೇಬರು ಭಾವಿಸಿದರು.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದದ್ದು. ಜೂನ್ ತಿಂಗಳಲ್ಲಿ ಮುಸ್ತಫಾ ಬೇಗ್ ಎಂಬ ಸಿಪಾಯಿ ತನ್ನ ಕರ್ನಲ್ ಫೋರ್ಬ್ಸ್‌ನ ಬಳಿ ಹೋಗಿ, ಕೋಟೆಯೊಳಗೆ ಸಂಚು ನಡೆದಿದೆ, ಜನ ಕುದಿಯುತ್ತಿದ್ದಾರೆ ಎಂದು ತಿಳಿಸಿದ. ಕರ್ನಲ್ ಏನು ಮಾಡಿದ? ವಿಚಾರಿಸಿ ಎಂದು ದೇಶೀ ಅಧಿಕಾರಿಗಳಿಗೇ ಒಪ್ಪಿಸಿದ. ಸಂಚಿನಲ್ಲಿ ಅವರೂ ಇದ್ದರು. ಇವನಿಗೆ ತಲೆ ಕೆಟ್ಟಿದೆ ಎಂದು ಅವರು ವರದಿ ಕೊಟ್ಟರು, ಮುಸ್ತಫಾ ಬೇಗನನ್ನು ಕೂಡಿಹಾಕಲಾಯಿತು. ಜುಲೈ 10ರ ನಸುಕಿನಲ್ಲಿ ಕೋಟೆ ಹೊತ್ತಿಕೊಂಡಿತು. ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಆರ್ಕಾಟಿನಿಂದ ಗಿಲೆಸ್ಪಿ ಕುದುರೆ ದಂಡಿನೊಡನೆ ಧಾವಿಸಿ ಬಂದ ಮೇಲೆ ಅದರ ಎಷ್ಟೋ ಪಟ್ಟು ಸಿಪಾಯಿಗಳು ಸತ್ತರು. ಆಮೇಲೆ ಮುಸ್ತಫಾ ಬೇಗನಿಗೆ 2000 ವರಹ ಇನಾಮು, ಸುಬೇದಾರನ ಪಿಂಚಣಿ ಸಿಕ್ಕವು. ಅವನು ಮಾಡಿದ್ದು ಸರಿಯೋ ತಪ್ಪೋ ಎಂಬ ತೀರ್ಪನ್ನು ಓದುಗರಿಗೆ ಬಿಡುತ್ತೇವೆ. ನಮಗೆ ಬೇಕಾದದ್ದು ಇಷ್ಟು: ಪಗಡಿ ಬೇಡವೆಂದವನಿಗೂ ಏಟು, ಅಪಾಯವಿದೆ ಎಂದವನಿಗೂ ಸೆರೆ. ಅರ್ಜಿ ಹೋಗುವ ಬಾಗಿಲು ಆ ದಂಡಿನಲ್ಲಿ ಇರಲೇ ಇಲ್ಲ.

ಇದೇ ಪಗಡಿ ಇದೇ ತಿಂಗಳಲ್ಲಿ ಹೈದರಾಬಾದಿನಲ್ಲಿಯೂ ಇತ್ತು. ಅಲ್ಲಿನ ಸಹಾಯಕ ಸೈನ್ಯದಲ್ಲಿ ಗುಸುಗುಸು ಇನ್ನೂ ಜೋರಾಗಿತ್ತು, ಪಟ್ಟಣದಲ್ಲಿ ಫಕೀರರ ಮಾತು, ಬಜಾರಿನ ಮಾತು ಎಲ್ಲವೂ ಸೇರಿಕೊಂಡಿದ್ದವು. ಆಗ ತಾನೇ ದಂಡಿನ ಅಧಿಕಾರ ವಹಿಸಿಕೊಂಡಿದ್ದ ಕರ್ನಲ್ ಮೊಂಟ್ರೆಸರ್, ರೆಸಿಡೆಂಟ್ ಸಿಡನ್‌ಹ್ಯಾಮ್‌ನೊಂದಿಗೆ ಸಮಾಲೋಚಿಸಿ, ಮದ್ರಾಸಿನ ಅಪ್ಪಣೆ ಕೈಗೆ ಬರುವವರೆಗೂ ಕಾಯದೆ ಜುಲೈ 22ರಂದು ಹೊಸ ಹುಕುಮುಗಳನ್ನು ತನ್ನ ಹೊಣೆಯ ಮೇಲೆಯೇ ಹಿಂತೆಗೆದುಕೊಂಡ. ಹೈದರಾಬಾದಿನಲ್ಲಿ ರಕ್ತ ಹರಿಯಲಿಲ್ಲ. ಮೊಂಟ್ರೆಸರ್ ಸಂತನೇನೂ ಅಲ್ಲ, ದಂಡು ಶಾಂತವಾದ ಮೇಲೆ ಕೆಲವು ಸುಬೇದಾರರನ್ನು ಹಿಡಿದು ಮಚಲೀಪಟ್ಟಣಕ್ಕೆ ಕಳಿಸಿದ. ಆದರೂ ಒಂದು ಕಾಗದ ಹಿಂದಕ್ಕೆ ಪಡೆದು ಎಷ್ಟೋ ತಾಯಂದಿರ ಮಕ್ಕಳನ್ನು ಉಳಿಸಿದನೆಂಬುದು ನಿಜ. ವೆಲ್ಲೂರಿನ ಕಥೆ ಶಾಲೆಯ ಪುಸ್ತಕದಲ್ಲಿದೆ. ಹೈದರಾಬಾದಿನ ಈ ಕಥೆ ಇಲ್ಲ, ಏಕೆಂದರೆ ಅಲ್ಲಿ ಯಾರೂ ಸಾಯಲಿಲ್ಲ.

ಕ್ರಾಡಕ್ ಮತ್ತು ಗವರ್ನರ್ ಬೆಂಟಿಂಕ್ ಇಬ್ಬರನ್ನೂ ಲಂಡನ್ನಿನವರು ಹಿಂದಕ್ಕೆ ಕರೆಸಿಕೊಂಡರು. ಟಿಪ್ಪುವಿನ ಕುಟುಂಬವನ್ನು ಕಲಕತ್ತೆಗೆ ಸಾಗಿಸಿದರು.

ಮೂರೇ ವರ್ಷದಲ್ಲಿ ಅದೇ ಮದ್ರಾಸ್ ಸೈನ್ಯದ ಬಿಳಿಯ ಅಧಿಕಾರಿಗಳಿಗೆ ಮೇಲಿನವರಿಂದ ಅನ್ಯಾಯವಾಯಿತು, ಅಥವಾ ಆಯಿತೆಂದು ಅವರು ತಿಳಿದರು. ಸಿಪಾಯಿಗಳ ಡೇರೆಗಳಿಗೆಂದು ಪಲ್ಟನ್ನಿನ ಅಧಿಕಾರಿಗೆ ಯುದ್ಧವಿರಲಿ ಶಾಂತಿಯಿರಲಿ ತಿಂಗಳು ತಿಂಗಳು ಹಣ ಬರುತ್ತಿತ್ತು. ಡೇರೆ ಹರಿದರೂ ಹಣ ಜೇಬಿನಲ್ಲಿ. ಸರ್ಕಾರ 1808ರಲ್ಲಿ ಇದನ್ನು ನಿಲ್ಲಿಸಿತು. ಗವರ್ನರ್ ಬಾರ್ಲೋನ ವಿರುದ್ಧ ಅಧಿಕಾರಿಗಳು ಸಿಟ್ಟಿಗೆದ್ದು, 1809ರಲ್ಲಿ ಮಚಲೀಪಟ್ಟಣ, ಸಿಕಂದರಾಬಾದ್, ನಮ್ಮ ಶ್ರೀರಂಗಪಟ್ಟಣ ಎಲ್ಲೆಡೆ ಬಂಡೆದ್ದರು. ಶ್ರೀರಂಗಪಟ್ಟಣದವರ ನೆರವಿಗೆಂದು ಚಿತ್ರದುರ್ಗದಿಂದ ಎರಡು ಪಲ್ಟನ್ನುಗಳನ್ನು ಅವುಗಳ ಅಧಿಕಾರಿಗಳು ನಡೆಸಿಕೊಂಡು ಬಂದರು. ಆಗಸ್ಟ್ 11ರಂದು ಕೋಟೆಯ ಹತ್ತಿರ ಸರ್ಕಾರದ ಕುದುರೆ ದಂಡು ಮತ್ತು ಮೈಸೂರಿನ ಸವಾರರು ಅವರ ಮೇಲೆ ಬಿದ್ದರು. ಡೇರೆಯ ಹಣದಲ್ಲಿ ಒಂದು ಕಾಸೂ ಕಾಣದ ಸಿಪಾಯಿಗಳು ಅಲ್ಲಿ ಬಿದ್ದರು. ಗವರ್ನರ್ ಜನರಲ್ ಮಿಂಟೋ ಬಂದು, 21 ಮಂದಿಯನ್ನು ಬಿಟ್ಟು ಉಳಿದ ಎಲ್ಲಾ ಅಧಿಕಾರಿಗಳನ್ನು ಕ್ಷಮಿಸಿದ. ಆ ಇಪ್ಪತ್ತೊಂದರಲ್ಲೂ ಹಲವರು ಮುಂದೆ ಕೆಲಸಕ್ಕೆ ಮರಳಿದರು. ಒಬ್ಬನನ್ನೂ ಗಲ್ಲಿಗೆ ಹಾಕಲಿಲ್ಲ, ತೋಪಿನ ಬಾಯಿಗೆ ಕಟ್ಟಲಿಲ್ಲ. ವೆಲ್ಲೂರಿನ ಸಿಪಾಯಿಗಳಿಗೆ ಇದೆರಡೂ ಆಗಿತ್ತು.

ಈಗ ನಮ್ಮದೇ ನಿಜಾಮ್ ಸೀಮೆಗೆ ಬರೋಣ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯವಿತ್ತು. ಹೆಸರು ನಿಜಾಮನದು, ಖರ್ಚೂ ನಿಜಾಮನದು, ಹುಕುಂ ಮಾತ್ರ ಕಂಪನಿಯದು. ಸಂಬಳ ಬಾಕಿಯಾಯಿತೆಂದು 1853ರ ಒಪ್ಪಂದದಲ್ಲಿ ಬೇರಾರ್, ನಳದುರ್ಗ ಮತ್ತು ರಾಯಚೂರು ದೋ-ಆಬ್ ಪ್ರದೇಶಗಳನ್ನು ಕಂಪನಿ ತನ್ನ ವಶಕ್ಕೆ ತೆಗೆದುಕೊಂಡಿತು. ಎಂದರೆ, ರಾಯಚೂರು ಸೀಮೆಯ ರೈತ ಕಟ್ಟಿದ ಕಂದಾಯ ಆ ದಂಡಿನ ಸವಾರನ ಪಗಾರಕ್ಕೆ ಹೋಗುತ್ತಿತ್ತು. ರಾಯಚೂರು, ನಳದುರ್ಗ 1860ರಲ್ಲಿ ನಿಜಾಮನಿಗೆ ಮರಳಿದವು, ಬೇರಾರ್ ಮರಳಲಿಲ್ಲ.

ಈ ಸವಾರ ಸಾಮಾನ್ಯ ಸಿಪಾಯಿಯಲ್ಲ. ಅವನದು ಸಿಲ್ಹೇದಾರಿ ಪದ್ಧತಿ. ಕುದುರೆ, ಜೀನು ಸಿಲ್ಹೇದಾರನ ಸ್ವಂತದ್ದು. ಕುದುರೆ ಇಲ್ಲದವನು ಇನ್ನೊಬ್ಬನ ಕುದುರೆ ಹತ್ತಿ ಬಾರ್ಗೀರನಾಗುತ್ತಿದ್ದ. ರಿಸಾಲೆಯಲ್ಲಿ ಜಾಗವೆಂದರೆ ಮನೆತನದ ಆಸ್ತಿ, ಇಜ್ಜತ್ತಿನ ಗುರುತು. ಅಂಥವನನ್ನು ಅವಮಾನಿಸುವುದು ಸುಲಭವಾಗಿರಲಿಲ್ಲ.

1855ರಲ್ಲಿ ಬೊಲಾರಂ ದಂಡಿನ ಬ್ರಿಗೇಡಿಯರ್ ಕಾಲಿನ್ ಮೆಕೆಂಜಿ. ಮೊದಲ ಅಫ್ಘಾನ್ ಯುದ್ಧದಲ್ಲಿ ಒತ್ತೆಯಾಳಾಗಿ ಬದುಕಿ ಬಂದ ಧೀರ, ಕಟ್ಟಾ ಧರ್ಮನಿಷ್ಠ. ಆ ವರ್ಷ ಮೊಹರಂ ಸೆಪ್ಟೆಂಬರ್‌ನಲ್ಲಿ ಬಂತು. ಭಾನುವಾರ ಕ್ರೈಸ್ತರ ಪವಿತ್ರ ದಿನವಾದ್ದರಿಂದ ಅಂದು ಮೆರವಣಿಗೆ ಕೂಡದೆಂದು ಅವನು ಹುಕುಂ ಹೊರಡಿಸಿದ. ಆ ಭಾನುವಾರವೇ ಮೊಹರಮಿನ ಮುಖ್ಯ ದಿನವಾಗುತ್ತದೆಂದು ಅವನಿಗೆ ಆಮೇಲೆ ಯಾರೋ ತಿಳಿಸಬೇಕಾಯಿತು. ಮೊಹರಂ ಎಂದರೆ ನಮ್ಮ ಸೀಮೆಯಲ್ಲಿ ಏನೆಂದು ಬಲ್ಲವರಿಗೆ ಇದರ ಅವಿವೇಕ ತಿಳಿದೀತು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಯಲ್ಲಿ ಅಲಾಯಿ ಕುಣಿ ತೋಡಿ, ಪಂಜೆಗಳನ್ನು ಎತ್ತಿ, ಕರ್ಬಲಾದ ಪದ ಹಾಡುವ ಜನ ನಾವು. ದಂಡಿನಲ್ಲಿಯೂ ಹಿಂದೂ ಮುಸಲ್ಮಾನರೆನ್ನದೆ ಅದು ಎಲ್ಲರ ಹಬ್ಬವಾಗಿತ್ತು. ಬ್ರಿಗೇಡಿಯರ್ ಹುಕುಂ ಬದಲಿಸಿದ. ಮೆರವಣಿಗೆ ನಡೆಯಲಿ, ಆದರೆ ಪಲ್ಟನ್ನಿನ ಲೈನುಗಳ ಒಳಗೇ ಇರಲಿ ಎಂದ.

ಸೆಪ್ಟೆಂಬರ್ 21, ಶುಕ್ರವಾರ. ಒಂದು ಮೆರವಣಿಗೆ ಅವನ ಬಂಗಲೆಯ ಮುಂದಿನ ರಸ್ತೆಯಲ್ಲಿ ಬಂತು. ಬೇಕೆಂದೇ ಬಂತೆಂದು ಕೆಲವರು, ವಾಡಿಕೆಯ ದಾರಿ ಅದೇ ಎಂದು ಕೆಲವರು. ಮೆಕೆಂಜಿ ಆರ್ಡರ್ಲಿಗಳನ್ನು ಕಳಿಸಿದ, ಜನ ನಿಲ್ಲಲಿಲ್ಲ. ಆಗ ತಾನೇ ಹೊರಗೆ ಬಂದು ನಿಶಾನೆಗಳನ್ನು ಕೈಯಿಂದ ಕಿತ್ತುಕೊಂಡ. ಸ್ವಲ್ಪ ಹೊತ್ತಿನಲ್ಲೇ 3ನೇ ರಿಸಾಲೆಯ ಸವಾರರು ಕತ್ತಿ ಹಿರಿದು ಬಂದು ಅವನನ್ನು ಕಡಿದರು. ಮೈಮೇಲೆ ಹತ್ತಿರ ಹತ್ತಿರ ಹತ್ತು ಗಾಯ. ಬದುಕಿದ, ಆದರೆ ಕೈ ಮೊದಲಿನಂತಾಗಲಿಲ್ಲ.

ಒಬ್ಬನ ಮೇಲೆ ಹತ್ತಾರು ಕತ್ತಿ ಬಿದ್ದದ್ದನ್ನು ಶೌರ್ಯವೆಂದು ನಾವು ಕರೆಯಲಾರೆವು. ಕರ್ಬಲಾದ ಹೆಸರಿನಲ್ಲಿ ಹೊರಟ ಮೆರವಣಿಗೆಗೆ ಅದು ಶೋಭೆಯೂ ಅಲ್ಲ. ಮುಂದೆ ನಡೆದದ್ದು ನೋಡಿ. ವಿಚಾರಣೆಯಾಯಿತು. ಗವರ್ನರ್ ಜನರಲ್ ಡಾಲ್‌ಹೌಸಿ, ಯಾರ ಮುಲಾಜೂ ಇಲ್ಲದ ಆ ಮನುಷ್ಯ, ಮೆಕೆಂಜಿಯ ಹುಕುಂ ವಾಡಿಕೆಗೆ ಹೊರತಾದದ್ದು, ತಾನೇ ಹೋಗಿ ನಿಶಾನೆ ಕಿತ್ತದ್ದು ವಿವೇಕವಲ್ಲ ಎಂಬ ಅಭಿಪ್ರಾಯ ಬರೆದಿಟ್ಟ. ಮೆಕೆಂಜಿಗೆ ಆದ ಶಿಕ್ಷೆ ಆ ಅಭಿಪ್ರಾಯವಷ್ಟೇ. ರಿಸಾಲೆಯ ದೇಶೀ ಅಧಿಕಾರಿಗಳನ್ನು ನೌಕರಿಯಿಂದ ವಜಾ ಮಾಡಿದರು. ಕತ್ತಿ ಹಿಡಿದವರನ್ನು ತಡೆಯದ ತಪ್ಪು ಅವರದೆಂದಾಯಿತು. ಹುಕುಂ ಬಂದ ದಿನವೇ ಅದರ ವಿರುದ್ಧ ಅವರು ಯಾರ ಬಳಿ ಹೋಗಬಹುದಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬ್ರಿಗೇಡಿಯರನ ವಿರುದ್ಧದ ಅರ್ಜಿಯೂ ಬ್ರಿಗೇಡಿಯರನ ಮೇಜಿಗೇ ಹೋಗಬೇಕಿತ್ತಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಈ ಹಳೆಯ ತೊಡಕು ಸ್ವತಂತ್ರ ಭಾರತದಲ್ಲಿ ಹೋಯಿತೇ? ಕಾಗದದ ಮೇಲೆ ಬಹುಪಾಲು ಹೋಯಿತು. 1950ರ ಸೈನ್ಯ ಕಾಯ್ದೆಯ 26ನೇ ಕಲಮಿನಂತೆ, ಮೇಲಿನವನಿಂದ ಅನ್ಯಾಯವಾಯಿತೆಂದು ತಿಳಿದ ಜವಾನ ತನ್ನ ಕಂಪನಿಯ ಅಧಿಕಾರಿಗೆ ದೂರು ಕೊಡಬಹುದು. ದೂರು ಆ ಅಧಿಕಾರಿಯ ಮೇಲೆಯೇ ಇದ್ದರೆ ಅವನ ಮೇಲಿನವನಿಗೆ ಕೊಡಬಹುದು. 47ನೇ ಕಲಮು ಕೈಕೆಳಗಿನವನನ್ನು ಹೊಡೆದ, ಹಿಂಸಿಸಿದ ಅಧಿಕಾರಿಗೆ ಏಳು ವರ್ಷದವರೆಗೆ ಸೆರೆ ಎನ್ನುತ್ತದೆ. ಕೈಕೆಳಗಿನವನು ಮೇಲಿನವನ ಮೇಲೆ ಕೈ ಮಾಡಿದರೆ 40ನೇ ಕಲಮಿನಲ್ಲಿ ಹತ್ತು ವರ್ಷ, ಕರ್ತವ್ಯದಲ್ಲಿರುವಾಗಲಾದರೆ ಹದಿನಾಲ್ಕು. ಒಂದೇ ಏಟಿಗೆ ತಕ್ಕಡಿಯ ಎರಡು ತಟ್ಟೆಯಲ್ಲಿ ಎರಡು ತೂಕ. ಶಿಸ್ತಿಲ್ಲದೆ ಸೈನ್ಯವಿಲ್ಲ ಎಂಬ ಸಮರ್ಥನೆಯನ್ನು ನಾವೂ ಬಲ್ಲೆವು, ಒಪ್ಪುತ್ತೇವೆ ಕೂಡ. ಆದರೂ ವ್ಯತ್ಯಾಸ ಕಣ್ಣಿಗೆ ಬೀಳದೆ ಇರದು.

ಆ ಬಾಗಿಲು ತಟ್ಟಿದವನಿಗೆ ಏನಾಗುತ್ತದೆಂಬುದಕ್ಕೆ ರಂಜಿತ್ ಠಾಕೂರ್ ಪ್ರಕರಣ ನೋಡಬೇಕು. ಅವನೊಬ್ಬ ಸಿಗ್ನಲ್‌ಮ್ಯಾನ್. ತನ್ನ ಅಧಿಕಾರಿಯಿಂದ ಕಿರುಕುಳವಾಗುತ್ತಿದೆಯೆಂದು ನೇರವಾಗಿ ಮೇಲಧಿಕಾರಿಗಳಿಗೆ ದೂರು ಕಳಿಸಿದ. ಕ್ರಮ ಬಿಟ್ಟು ಮೇಲಕ್ಕೆ ಬರೆದದ್ದಕ್ಕೇ 28 ದಿನ ಕಠಿಣ ಸಜೆಯಾಯಿತು. ಆ ಸಜೆಯಲ್ಲಿದ್ದಾಗ, 1985ರಲ್ಲಿ, ಊಟ ಮಾಡೆಂದು ಆಜ್ಞೆ ಮಾಡಿದರೆ ಮಾಡಲಿಲ್ಲವಂತೆ. ಅದು ಆಜ್ಞಾ ಉಲ್ಲಂಘನೆ! ಮಾರನೆಯ ದಿನವೇ ಸಮ್ಮರಿ ಕೋರ್ಟ್ ಮಾರ್ಷಲ್, ಒಂದು ವರ್ಷ ಸೆರೆ, ನೌಕರಿಯಿಂದ ವಜಾ. ಯಾರ ವಿರುದ್ಧ ದೂರು ಕೊಟ್ಟಿದ್ದನೋ ಆ ಅಧಿಕಾರಿಯೂ ಆ ಕೋರ್ಟಿನಲ್ಲಿ ಕೂತಿದ್ದ. ಇವರು ನಿನ್ನನ್ನು ವಿಚಾರಿಸುವುದಕ್ಕೆ ನಿನ್ನ ಆಕ್ಷೇಪವಿದೆಯೇ ಎಂದು ಆರೋಪಿಯನ್ನು ಕೇಳಬೇಕೆಂದು 130ನೇ ಕಲಮು ಹೇಳುತ್ತದೆ. ಅದನ್ನು ಪಾಲಿಸಿರಲಿಲ್ಲ.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ಅಕ್ಟೋಬರ್ 15ರಂದು ತೀರ್ಪು ಬಂತು, ಬರೆದವರು ನಮ್ಮ ಬೆಂಗಳೂರಿನ ಎಂ. ಎನ್. ವೆಂಕಟಾಚಲಯ್ಯನವರು. ಅವರು ಎರಡು ಮಾತು ನಿಚ್ಚಳವಾಗಿ ಹೇಳಿದರು. ಒಂದು, ನ್ಯಾಯಾಧೀಶನ ಮನಸ್ಸಿನಲ್ಲಿ ಏನಿತ್ತೆಂಬುದಲ್ಲ, ಕಟಕಟೆಯಲ್ಲಿ ನಿಂತವನಿಗೆ ಪಕ್ಷಪಾತದ ಶಂಕೆ ಬರಲು ಕಾರಣವಿತ್ತೇ ಎಂಬುದನ್ನು ನೋಡಬೇಕು. ಎರಡು, ಶಿಕ್ಷೆ ತಪ್ಪಿಗೆ ತಕ್ಕಷ್ಟಿರಬೇಕು, ಸೇಡಿನಂತೆ ಕಾಣುವ ಶಿಕ್ಷೆ ನಿಲ್ಲದು. ಕೋರ್ಟ್ ಮಾರ್ಷಲ್ ರದ್ದಾಯಿತು, ಠಾಕೂರ್‌ಗೆ ನೌಕರಿ ಮತ್ತು ಬಾಕಿ ಹಕ್ಕುಗಳೆಲ್ಲ ಮರಳಿದವು. ಸೈನ್ಯದ ಶಿಕ್ಷೆಗಳ ವಿರುದ್ಧ ಒಂದಾದರೂ ಮೇಲ್ಮನವಿ ಇಲ್ಲವಲ್ಲ ಎಂದು ಇದೇ ಕೋರ್ಟು 1982ರಲ್ಲಿಯೇ ಪೃಥೀ ಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಮರುಗಿತ್ತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬರಲು 2007 ಆಯಿತು, ಮಂಡಳಿ ಬಾಗಿಲು ತೆರೆಯಲು 2009.

2017ರ ಜನವರಿಯಲ್ಲಿ ಕೆಲವು ಜವಾನರು ತಮ್ಮ ಅಳಲನ್ನು ವಿಡಿಯೋ ಮಾಡಿ ಮೊಬೈಲಿನಲ್ಲಿ ಹರಿಬಿಟ್ಟಾಗ, ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ದಂಡುಗಳಲ್ಲಿ ದೂರು ಪೆಟ್ಟಿಗೆ ಇಡುವುದಾಗಿ ಹೇಳಿದರು. ಪೆಟ್ಟಿಗೆಯಲ್ಲಿ ಹಾಕಿದ್ದು ನನ್ನ ತನಕ ಬರುತ್ತದೆ ಎಂಬ ಭರವಸೆ ಕೊಟ್ಟರು. ಎರಡೇ ದಿನದಲ್ಲಿ, ಸೇನಾ ದಿನದ ಭಾಷಣದಲ್ಲಿ, ಹೊರಗೆ ಹೇಳಿಕೊಂಡವರಿಗೆ ಶಿಕ್ಷೆಯಾದೀತೆಂದೂ ಎಚ್ಚರಿಸಿದರು. ಪತ್ರಿಕೆಗೆ ಬರೆಯಬಾರದು, ಸಂಘ ಕಟ್ಟಬಾರದು ಎಂಬ ನಿರ್ಬಂಧ 1954ರ ಸೈನ್ಯ ನಿಯಮಗಳಲ್ಲಿ ಮೊದಲಿನಿಂದಲೂ ಇದೆ, ಸಂವಿಧಾನದ 33ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ.

ಹೀಗಾಗಿ ರಜೆಗೆ ಬಂದ ಹುಡುಗನಿಗೆ ಮನೆಯ ಹಿರಿಯರು ಹೇಳಬಹುದಾದದ್ದು ಇಷ್ಟಿದೆ. ಕೈ ಎತ್ತಬೇಡ, ಬಾಯಿ ಬಿಡುವಾಗಲೂ ಅದಬು ಬಿಡಬೇಡ, ಅದಕ್ಕೂ ಒಂದು ಕಲಮಿದೆ. ಬರೆದು ಕೊಡು, ತಾರೀಖು ಹಾಕು, ಒಂದು ನಕಲು ಇಟ್ಟುಕೊ. ಮೊದಲು ಕಂಪನಿಯ ಸಾಹೇಬರಿಗೆ, ಅವರ ಮೇಲೆಯೇ ದೂರಾದರೆ ಅವರ ಮೇಲಿನವರಿಗೆ, ಮೆಟ್ಟಿಲು ಬಿಟ್ಟು ಜಿಗಿಯಬೇಡ. ನಿನ್ನನ್ನು ವಿಚಾರಿಸಲು ಕೂತವನು ನೀನು ದೂರು ಕೊಟ್ಟವನೇ ಆಗಿದ್ದರೆ ಆ ಕ್ಷಣದಲ್ಲೇ ಆಕ್ಷೇಪ ಹೇಳು, ಅದನ್ನು ದಾಖಲೆಯಲ್ಲಿ ಬರೆಯಿಸು. ರಂಜಿತ್ ಠಾಕೂರ್‌ಗೆ ಈ ಕೊನೆಯ ಮಾತನ್ನು ಆಡುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಅವನು ಗೆದ್ದದ್ದು ಆ ಒಂದು ಲೋಪ ಹಿಡಿದು, ಎರಡು ವರ್ಷಕ್ಕೂ ಹೆಚ್ಚು ಕಾಲದ ಮೇಲೆ.