ಸ್ನಾತಕೋತ್ತರ ವೈದ್ಯಕೀಯ ತರಬೇತಿ, ಕೋಲಾರ ಜಿಲ್ಲೆ

ಎಂಬಿಬಿಎಸ್ ಮುಗಿಸಿದವರು ಒಂದು ವಿಭಾಗದಲ್ಲಿ ತಜ್ಞರಾಗಲು ಪಡೆಯುವ ಮೂರು ವರ್ಷದ ಎಂಡಿ ಅಥವಾ ಎಂಎಸ್ ಶಿಕ್ಷಣ. ಜಿಲ್ಲೆಯಲ್ಲಿ ಇದರ ಮುಖ್ಯ ಕೇಂದ್ರ ಟಮಕದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು (1986) ಮತ್ತು ಅದರ ಆರ್.ಎಲ್. ಜಾಲಪ್ಪ ಆಸ್ಪತ್ರೆ. ಬಂಗಾರಪೇಟೆ, ಚಿನ್ನದ ಗಣಿಯ ಊರಾದ ಕೆಜಿಎಫ್‌ಗಳಲ್ಲಿ ಕೈಮೀರಿದ ಕೇಸುಗಳು ಇಲ್ಲಿಗೋ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾಸ್ಪತ್ರೆಗೋ ಬರುತ್ತವೆ, ಉಳಿದವು ಬೆಂಗಳೂರಿಗೆ.

ಕಲಿಯಲು ಬೇಕಾದ ರೋಗಿಗಳಿಗೆ ಈ ಸೀಮೆಯಲ್ಲಿ ಎಂದೂ ಬರವಿರಲಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿದ್ದ ಗಣಿ ಆಸ್ಪತ್ರೆ ಬಂಡೆಸಿಡಿತದ ಗಾಯಾಳುಗಳನ್ನೂ ಕಲ್ಲುಧೂಳಿನಿಂದ ಶ್ವಾಸಕೋಶ ಗಟ್ಟಿಯಾದ ಸಿಲಿಕೋಸಿಸ್ ರೋಗಿಗಳನ್ನೂ ದಶಕಗಳ ಕಾಲ ನೋಡಿಕೊಂಡಿತು. ಭಾರತದಲ್ಲಿ ಸಿಲಿಕೋಸಿಸ್‌ನ ಆರಂಭಿಕ ಅಧ್ಯಯನಗಳು 1940ರ ದಶಕದಲ್ಲಿ ನಡೆದದ್ದು ಇಲ್ಲಿನ ಗಣಿಗಾರರ ಮೇಲೆಯೇ. ವೃತ್ತಿಜನ್ಯ ರೋಗಗಳ ಕಲಿಕೆಗೆ ಇದಕ್ಕಿಂತ ತಕ್ಕ ಜಾಗ ರಾಜ್ಯದಲ್ಲಿ ಸಿಗುವುದು ಕಷ್ಟವಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಸ್ಪತ್ರೆಯೂ ಪಾಳುಬಿತ್ತು.

ರೋಗಿಗಳಿದ್ದರಷ್ಟೇ ಸಾಲದು, ಕಲಿಯುವವರಿಗೆ ತೃಪ್ತಿಯೂ ಇರಬೇಕು. ತರಬೇತಿಯ ಬಗ್ಗೆ ಪಿಜಿಗಳಿಗೆ (ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ) ಇರುವ ತೃಪ್ತಿ ಎಂದರೆ ಸ್ಟೈಪೆಂಡ್ ಮಾತ್ರ ಎಂದುಕೊಳ್ಳುವುದು ತಪ್ಪು. ಆದರೂ 2024ರ ಆಗಸ್ಟ್‌ನಲ್ಲಿ ಕರ್ನಾಟಕದ ರೆಸಿಡೆಂಟ್ ವೈದ್ಯರು, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವ ಪಿಜಿಗಳು, ಮುಷ್ಕರ ಹೂಡಿದ್ದು ಸ್ಟೈಪೆಂಡಿಗಾಗಿಯೇ. ಅದೇ ತಿಂಗಳು ಹೊರಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ ವರದಿಯ ಪ್ರಕಾರ, ದೇಶದಲ್ಲಿ ಸಮೀಕ್ಷೆಗೆ ಉತ್ತರಿಸಿದ ಪಿಜಿಗಳಲ್ಲಿ ಶೇ. 45ರಷ್ಟು ಮಂದಿ ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುತ್ತಾರೆ, ಅರ್ಧಕ್ಕೂ ಹೆಚ್ಚು ಮಂದಿಗೆ ವಾರದ ರಜೆ ಇಲ್ಲ. ವಾರಕ್ಕೆ 74 ಗಂಟೆ ಮೀರಬಾರದು ಎಂಬ ಕಾರ್ಯಪಡೆಯ ಶಿಫಾರಸು ಉದಾರವೆನಿಸುವುದು ಇದನ್ನು ಓದಿದ ಮೇಲೆ ಮಾತ್ರ.

ಗಂಟೆಗಳಷ್ಟೇ ಮುಖ್ಯವಾದದ್ದು ಆ ಗಂಟೆಗಳಲ್ಲಿ ಏನು ಮಾಡಿಸುತ್ತಾರೆ ಎಂಬುದು. ಶಸ್ತ್ರಚಿಕಿತ್ಸೆಯ ಮೂರನೇ ವರ್ಷದ ಪಿಜಿ, ಎದುರಿಗೆ ಹಿರಿಯರು ನಿಂತಿರುವಾಗ ಹರ್ನಿಯಾವನ್ನು ತಾನೇ ಬಿಡಿಸಿ ಹೊಲಿದರೆ ರಾತ್ರಿಯ ನಿದ್ದೆಗೆಟ್ಟದ್ದು ಅಷ್ಟಾಗಿ ಬಾಧಿಸುವುದಿಲ್ಲ. ಮೂರು ವರ್ಷವೂ ಗಾಯದ ಅಂಚನ್ನು ಸರಿಸಿಡುವ ರಿಟ್ರ್ಯಾಕ್ಟರ್ ಹಿಡಿದು, ಉಳಿದ ಹೊತ್ತು ಕೇಸ್ ಶೀಟ್ ಬರೆದು, ರಕ್ತದ ಮಾದರಿ ಹೊತ್ತು ಲ್ಯಾಬಿಗೆ ಅಲೆದವರ ಅಸಮಾಧಾನವನ್ನು ಯಾವ ಸ್ಟೈಪೆಂಡೂ ತೀರಿಸದು.

2020ರ ನಿಯಮದಂತೆ ಪ್ರತಿ ಪಿಜಿಯೂ ಮೂರು ತಿಂಗಳು ಜಿಲ್ಲಾಸ್ಪತ್ರೆಯ ಮಟ್ಟದಲ್ಲಿ ರೆಸಿಡೆಂಟ್ ಆಗಿ ದುಡಿಯಬೇಕು. ಕಲಿಸುವ ತಜ್ಞರಿದ್ದ ಕಡೆ ಇದು ಒಳ್ಳೆಯ ಏರ್ಪಾಡು. ಇಲ್ಲದ ಕಡೆ ಖಾಲಿ ಹುದ್ದೆಗೆ ಹಚ್ಚಿದ ತೇಪೆ. ಓದು ಮುಗಿದ ಮೇಲೂ 2012ರ ರಾಜ್ಯ ಕಾಯ್ದೆ ಒಂದು ವರ್ಷದ ಸರ್ಕಾರಿ ಸೇವೆಯನ್ನು ವಿಧಿಸಿತ್ತು.